ಸೋಫಾದ ಕವರು ಹಾರಿಸಿದ ಕಿಡಿ

ಹೊಸ ಸಾಮಾನಿನ ಪ್ಲಾಸ್ಟಿಕ್ ಹರಿಯುವ ಧೈರ್ಯ ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ. ನನಗಂತೂ ಕೊಟ್ಟಿಲ್ಲ. ಕುಂದಗೋಳದ ಎರೆಮಣ್ಣಿನ ಧೂಳು ತಿಂದವರಿಗೆ ನನ್ನ ಸಂಕಟ ಅರ್ಥವಾದೀತು. ಸೋಫಾ ಮನೆಗೆ ಬಂದು ವರ್ಷಗಳೇ ಕಳೆದಿದ್ದರೂ ಅಂಗಡಿಯವರು ಹಾಕಿಕೊಟ್ಟ ಕವರು ಹಾಗೇ ಇತ್ತು. ಹೆಂಡತಿ ಗೊಣಗಿದಾಗೆಲ್ಲ, "ಗಿರಿಜಾನ ಮದುವಿ ಆಗ್ಲಿ, ಆಮ್ಯಾಲೆ ತಗಿಯೂಣು" ಅನ್ನುತ್ತಿದ್ದೆ. ಕಡೆಗೆ ಆ ಮದುವೆಗೇ ಕವರು ಕಲ್ಲು ಹಾಕಲು ಹೊರಟಿತು.

ಶಿವರಾತ್ರಿ ಹತ್ತಿರದ ಒಣ ಹವೆ. ಆ ಕವರಿನ ಮೇಲಿಂದ ಎದ್ದು ಯಾರನ್ನು ಮುಟ್ಟಿದರೂ ಚಟ್ ಅಂತ ಕಿಡಿ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ, ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತಿ ತೋರಿಸುವವನು. ಕಾರಣ ಗೊತ್ತಿತ್ತು, ಕವರು ತೆಗೆಯುವ ಮನಸ್ಸಿರಲಿಲ್ಲ.

ಅಂದು ಸಂಜೆ ಯರಗುಪ್ಪಿಯ ಬೀಗರಾಗುವವರು ಬಂದರು. ಹುಡುಗನನ್ನು ಮಗಳು ಗಿರಿಜಾಳೇ ಮೆಚ್ಚಿದ್ದಳು. "ಅಪ್ಪಾ, ಅವರವ್ವ ಒಂದು ಹೂಂ ಅಂದ್ರ ಸಾಕು" ಅಂದಿದ್ದಳು. ಆ ಅವ್ವ, ಪಾರವ್ವನವರು, ಸೋಫಾದ ಮೇಲೆ ಜಾರುತ್ತ, ಸರಿದು ಕೂಡುತ್ತ ಚಹಾ ಮುಗಿಸಿದರು. ನಗಲಿಲ್ಲ. ಎದ್ದು ಹುಡುಗಿಯ ಹಣೆಗೆ ಕುಂಕುಮ ಹಚ್ಚಲು ಬೆರಳು ಒಯ್ದರು.

ಚಟ್!

ಗಿರಿಜಾ ಚೀರಿದಳು. ಪಾರವ್ವನವರ ಕೈಯಿಂದ ಕುಂಕುಮದ ಬಟ್ಟಲು ಬಿತ್ತು. ಕುಂಕುಮ ಚೆಲ್ಲಿದ ಮೇಲೆ ಮುರಿದುಹೋದ ಸಂಬಂಧಗಳ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ.

"ಏನ್ರೀ ಮಾಸ್ತರ್ರ, ಹುಡುಗಿ ಮೈಯಾಗ ಏನೈತಿ?" ಅಂದರು ಪಾರವ್ವ.

ನಾನು ಹಾಳಾದ ಬಾಯಿ ತೆರೆದು ಘರ್ಷಣೆ, ವಿದ್ಯುತ್ತು, ಎಲೆಕ್ಟ್ರಾನು ಅಂತ ಶುರು ಮಾಡಿದೆ. "ರೀ, ಪಾಠ ಸಾಕ್ರಿ!" ಅಂತ ಹೆಂಡತಿ ಹಲ್ಲು ಕಚ್ಚಿದಳು. ಅಷ್ಟರಲ್ಲಿ ಕರೆಂಟೂ ಹೋಯಿತು. ಕತ್ತಲಲ್ಲಿ ಹುಡುಗನ ತಂದೆ ಚಪ್ಪಲಿ ಹುಡುಕುವ ಸದ್ದು ಕೇಳಿದಂತಾಯಿತು.

"ಹುಡುಗಿ ಮೈಯಾಗ ಏನಿಲ್ರಿ ಅಮ್ಮಾರ, ಎಲ್ಲಾ ಇದರಾಗೈತಿ, ನೋಡ್ರಿ!" ಗಿರಿಜಾಳ ದನಿ. ಪರ್ರನೆ ಕವರು ಹರಿಯಿತು. ಅವಳು ಎಳೆದಂತೆಲ್ಲ ಪ್ಲಾಸ್ಟಿಕ್ಕಿನ ಮೇಲೆ ನೀಲಿ ಗೆರೆಗಳು ಚಿಟಪಟ ಅನ್ನುತ್ತ ಬೇರಿನಂತೆ ಕವಲೊಡೆದು ಓಡಿ ಆರಿದವು.

"ಅಯ್ಯ ನಮ್ಮವ್ವಾ!" ಪಾರವ್ವನವರು ನಕ್ಕರು ನೋಡಿ, ನನಗೆ ಜೀವ ಬಂತು. "ನಮ್ಮ ಮನ್ಯಾಗೂ ಇಂಥಾದ್ದ ಐತ್ರಿ. ನಮ್ಮವರು ಅದಕ್ಕ ಕೈ ಹಚ್ಚಗೊಡಂಗಿಲ್ಲ. ಹುಡುಗಿ ಒಪ್ಪಿಗಿ ಆದ್ಳು. ಲಗೂನ ಬಂದು ನಮ್ಮದೂ ಹರೀಲಿ!"

ಕರೆಂಟು ಬಂದಾಗ ಹುಡುಗನ ತಂದೆ ತಲೆ ತಗ್ಗಿಸಿ ಕೂತಿದ್ದರು. ಅವರ ದುಃಖ ಆ ಮನೆಯಲ್ಲಿ ನನಗೊಬ್ಬನಿಗೇ ಅರ್ಥವಾಯಿತು.

ಕವರು ಪೂರ್ತಿ ಹಾಳಾಗಿಲ್ಲ. ಒರೆಸಿ, ಮಡಚಿ ಅಟ್ಟದ ಮೇಲಿಟ್ಟಿದ್ದೇನೆ. ಮದುವೆಗೆ ಮಗಳಿಗೆ ಕೊಡುವ ಹೊಸ ಗಾದಿಗೆ ಅಳತೆ ಸರಿಯಾಗುತ್ತದೆ.