ಮಾಂಡಣಿಯ ಹಿಂದಿನ ಕಿಟಕಿ

ಮನೆ ಕಟ್ಟುವಾಗ ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ಸೀರೆ ಆರಿಸುವಾಗ ತಪ್ಪಿದರೆ ಟ್ರಂಕಿನ ತಳದಲ್ಲಿಟ್ಟು ಮರೆಯಬಹುದು. ಮನೆಯ ತಪ್ಪಿನೊಳಗೆ ದಿನಾ ಅಡುಗೆ ಮಾಡಿ, ಉಂಡು, ಮಲಗಬೇಕು. ಬೀದರಿನ ಚಿದ್ರಿಯಲ್ಲಿ ನಾವು ಮನೆ ಕಟ್ಟಿಸಿ ಎರಡು ವರ್ಷವಾಯಿತು. ನನ್ನ ತಪ್ಪು ಯಾವುದೆಂದು ಮೊದಲ ವಾರದಲ್ಲೇ ಅನುಮಾನ ಬಂದಿತ್ತು. ಆದರೂ ಇಷ್ಟು ದಿನ ಒಮ್ಮೆ ಮೆಣಸಿನಕಾಯಿಯನ್ನು, ಒಮ್ಮೆ ಎಣ್ಣೆಯನ್ನು, ಒಮ್ಮೆ ಅತ್ತೆಯ ವಯಸ್ಸನ್ನು ದೂರುತ್ತ ಬಂದೆ.

ನಕ್ಷೆಯಲ್ಲಿ ಅಡುಗೆಮನೆಗೊಂದು ದೊಡ್ಡ ಕಿಟಕಿ ಇತ್ತು. ಆದರೆ ತವರಿನವರು ಹೆಸರು ಕೊರೆಸಿ ಕೊಟ್ಟ ಸ್ಟೀಲ್ ಪಾತ್ರೆಗಳನ್ನು ಸಾಲಾಗಿ ಜೋಡಿಸಿಡುವ ನನ್ನ ಮಾಂಡಣಿಗೆ ಉದ್ದನೆಯ ಗೋಡೆ ಬೇಕಿತ್ತು. ನನ್ನ ತವರು ಕಮಲನಗರ. ಅಲ್ಲಿ ಮನೆಯ ಮರ್ಯಾದೆ ಇರುವುದೇ ಮಾಂಡಣಿಯ ಹೊಳಪಿನಲ್ಲಿ. ಗೋಡೆ ಕಟ್ಟುತ್ತಿದ್ದ ಮಹಬೂಬ ಮಿಸ್ತ್ರಿ ಕರಣಿ ಕೆಳಗಿಟ್ಟು, "ಅಕ್ಕಾರ, ಕಿಟಕಿ ಮುಚ್ಚಿದ್ರ ಹೊಗಿ ಎಲ್ಲಿಗಿ ಹೋಗಬೇಕ್ರಿ?" ಎಂದ. "ಗ್ಯಾಸಿನ ಒಲಿಗಿ ಹೊಗಿ ಎಲ್ಲಿದು? ಮುಚ್ಚು" ಎಂದು, ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸುವ ಧ್ವನಿಯಲ್ಲೇ ಹೇಳಿದೆ. ನನ್ನವರು ಔರಾದಿನ ಕಚೇರಿಗೆ ಹೋಗಿದ್ದರು. ಪಕ್ಕದಲ್ಲಿದ್ದ ಅತ್ತೆ ಏನೂ ಅನ್ನಲಿಲ್ಲ.

ಗ್ಯಾಸಿಗೆ ಹೊಗೆಯಿಲ್ಲ, ಸರಿ. ಒಗ್ಗರಣೆಗೆ ಘಾಟಿದೆ, ರೊಟ್ಟಿಯ ಹಂಚಿಗೆ ಝಳವಿದೆ. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಬೇಕು. ಸಿಲಿಂಡರ್ ಬಂದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ನಾನು. ಅಲ್ಲೇ ನನಗೆ ತಲೆನೋವು ಬಂದರೆ ಚುಕ್ಕೆ, ಅತ್ತೆ ಕೆಮ್ಮಿದರೆ ಗೆರೆ ಹಾಕತೊಡಗಿದೆ. ಜನವಾಡದ ಶಾಲೆಯಲ್ಲಿ ಮಕ್ಕಳ ಗದ್ದಲದ ನಡುವೆಯೂ ಬಾರದ ತಲೆನೋವು, ದಿನವಿಡೀ ಅಡುಗೆಮನೆಯಲ್ಲಿರುವ ಭಾನುವಾರ ತಪ್ಪದೆ ಬರುತ್ತಿತ್ತು. "ನಿನಗ ಸೂಟಿನೇ ಒಗ್ಗೂದಿಲ್ಲ ನೋಡು" ಎಂದರು ನನ್ನವರು. ಡಾಕ್ಟರು ಅತ್ತೆಗೆ ಮೂರು ಬಗೆಯ ಸಿರಪ್ ಬರೆದರು. ಗೋಡೆಗೆ ಯಾರೂ ಔಷಧ ಬರೆಯಲಿಲ್ಲ.

ಎಂಟು ದಿನಕ್ಕೆಂದು ಭಾಲ್ಕಿಯ ಮಗಳ ಮನೆಗೆ ಹೋದ ಅತ್ತೆ ತಿಂಗಳಾದರೂ ಬರಲಿಲ್ಲ. ಫೋನು ಮಾಡಿದರೆ, "ಇಲ್ಲಿ ಛಲೋ ನಿದ್ದಿ ಹತ್ತತದವ್ವ" ಎನ್ನುವರು. ಪಕ್ಕದ ಮನೆಯ ರಹೀಮಾಬಿ ಕಾಂಪೌಂಡಿನ ಮೇಲಿಂದ, "ಕ್ಯಾ ಟೀಚರ್, ಅತ್ತಿನ್ನ ಓಡಿಸೇ ಬಿಟ್ರೇನ್ರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನವೇ ಭಾಲ್ಕಿಯ ಬಸ್ಸು ಹತ್ತಿದೆ.

ಅದು ಹಳೆಯ ಮಣ್ಣಿನ ಮಾಳಿಗೆಯ ಮನೆ. ಸೌದೆಯ ಒಲೆ ಉರಿಯುತ್ತಿತ್ತು, ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದಿತ್ತು. ಆ ಕೋಲನ್ನೇ ಹಿಡಿದುಕೊಂಡು ಹೊಗೆ ಮೇಲೆ ಹತ್ತುತ್ತಿತ್ತು. ಅರ್ಧ ಗಂಟೆ ಕುಳಿತೆ. ಅವರು ಒಮ್ಮೆಯೂ ಕೆಮ್ಮಲಿಲ್ಲ.

"ಅತ್ತಿ, ನನ್ನ ಮ್ಯಾಲ ಸಿಟ್ಟೇನ್ರಿ?"

"ನಿನ್ನ ಮ್ಯಾಲ ಯಾಕ ಸಿಟ್ಟವ್ವ? ನಿನ್ನ ಅಡಿಗಿ ಮನಿಗೇ ಉಸರಿಲ್ಲ. ನನಗ ಹ್ಯಾಂಗ ಕೊಡ್ತದ?"

"ಆವತ್ತೇ ಯಾಕ ಅನಲಿಲ್ರಿ?"

"ಅಂದಿದ್ರ ಕೇಳ್ತಿದ್ದೇನು? ನಿನ್ನ ಕಣ್ಣಾಗ ಬರೇ ಪಾತ್ರಿ ಇದ್ವು. ಕಿಟಕಿ ಆದ ಮ್ಯಾಲ ಕರಿ, ಬರ್ತೇನಿ."

ಮುಂದಿನ ಭಾನುವಾರ ಮಹಬೂಬ ಮಿಸ್ತ್ರಿ ಗೋಡೆ ಒಡೆದು ಕಿಟಕಿ ಕೂರಿಸಿದ. ಅತ್ತೆಯನ್ನು ಅಂದೇ ಸಂಜೆ ಕರೆತಂದೆವು; ಮಿಸ್ತ್ರಿ ಇನ್ನೂ ಸಾಮಾನು ಕಟ್ಟುತ್ತಿದ್ದ. ನನ್ನವರು ಅವನ ಮೇಲೆ ಹರಿಹಾಯ್ದರು: "ನಕ್ಷಾದಾಗ ಇದ್ದ ಕಿಟಕಿ ಯಾಕ ಮುಚ್ಚಿದಿ?" ಮಿಸ್ತ್ರಿ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಸೌಟು ನೋಡಿದೆ. "ಗಾಳಿಗಿ ಒಲಿ ಆರ್ತದಂತ ನಾನೇ ಅಂದಿದ್ದೆ, ಬಿಡಪ್ಪ" ಎಂದರು ಅತ್ತೆ. ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಈಗ ಕ್ಯಾಲೆಂಡರಿನಲ್ಲಿ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಬಂದವರು ಗಾಳಿಯನ್ನು ಹೊಗಳಿದರೆ ಅತ್ತೆ, "ನಮ್ಮ ಸರೋಜಾಂದೇ ವಿಚಾರ" ಎನ್ನುತ್ತಾರೆ. ಅದನ್ನೂ ನಾನು ಸುಮ್ಮನೆ ಸ್ವೀಕರಿಸುತ್ತೇನೆ. ಜಾಗ ಕಳೆದುಕೊಂಡ ಮಾಂಡಣಿ ಮಾತ್ರ ಹಜಾರದಲ್ಲಿ ಮುಖ ತಿರುವಿಕೊಂಡು ಒರಗಿದೆ. ನಿನ್ನೆ ಸಂಜೆ ಅದನ್ನು ಗೇಣು ಹಾಕಿ ಅಳೆದೆ: ಏಳು ಗೇಣು. ಹಾಗೇ ಮಲಗುವ ಕೋಣೆಗೆ ಹೋಗಿ ಕಿಟಕಿಯಿರುವ ಗೋಡೆಗೂ ಗೇಣು ಹಾಕಿದೆ. ಐದು ಮುಗಿಸಿ ಆರನೆಯದಕ್ಕೆ ಕೈ ಚಾಚುವಷ್ಟರಲ್ಲಿ, ಗಾಳಿಗೆ ಕುಳಿತು, ತೆರೆದ ಬಾಗಿಲಿನಿಂದ ನನ್ನನ್ನು ಕಂಡ ಅತ್ತೆ ಅಡುಗೆಮನೆಯಿಂದ ಒಮ್ಮೆ ಕೆಮ್ಮಿದರು. ಬೇಕೆಂದೇ.