ರಾಕ್ಷಸನ ಮಾತು ಮುಗಿಯುವವರೆಗೆ

ನಮ್ಮ ಭಾವನವರು ಕಳ್ಳರು! ಗಾಬರಿಯಾಗಬೇಡಿ, ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಅವರಷ್ಟು ಮರ್ಯಾದಸ್ಥರು ಇನ್ನೊಬ್ಬರಿಲ್ಲ. ಅವರು ಕದಿಯುವುದು ವಿಡಿಯೋ ಗೇಮುಗಳನ್ನು ಮಾತ್ರ. ಅದೂ ಐವತ್ತೊಂಬತ್ತನೆಯ ವಯಸ್ಸಿನಲ್ಲಿ!

ಪರದೇಶದವರು ಮಾಡಿದ ಪ್ರಸಿದ್ಧ ಆಟವೊಂದಿದೆ. ಕತ್ತಿ ಹಿಡಿದ ವೀರ ಕಾಡು ದಾಟಿ, ಕೋಟೆ ಹೊಕ್ಕು, ಕೊನೆಗೊಬ್ಬ ರಾಕ್ಷಸನನ್ನು ಕೊಲ್ಲುತ್ತಾನೆ. ಇಂಥ ಆಟಗಳ ಅಭಿಮಾನಿಗಳು ಅವೇ ಪಾತ್ರಗಳನ್ನಿಟ್ಟುಕೊಂಡು ತಾವೊಂದು ಆಟ ಕಟ್ಟಿ ಬಿಟ್ಟಿಯಾಗಿ ಹಂಚುತ್ತಾರೆ. ಅದಕ್ಕೆ ಫ್ಯಾನ್ ಗೇಮ್ ಎನ್ನುತ್ತಾರಂತೆ. ಭಾವನವರು ಫೋರ್ಟಿನ ಆಫೀಸಿಗೆ ಹೋಗಿಬರುವ ಲೋಕಲ್ ರೈಲಿನಲ್ಲಿ ಮೊಬೈಲ್ ನೋಡಿ ನೋಡಿಯೇ ಈ ವಿದ್ಯೆ ಕಲಿತರು. ಅಷ್ಟು ಸಾಲದೆಂದು ತಮ್ಮ ರಾಕ್ಷಸನ ಮಾತುಗಳನ್ನೂ ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಘಾಟ್ಕೋಪರ್ ಬಳಿ "ಎಲವೋ ಹುಲುಮಾನವಾ!" ಎಂದು ಗರ್ಜಿಸಿದಾಗ ಎದುರು ಕೂತಿದ್ದವನು ಎದ್ದೇಬಿಟ್ಟನಂತೆ. "ಕಾಕಾ, ಆಪ್ ಬೈಠೋ. ಟೆನ್ಶನ್ ಮತ್ ಲೋ." ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೂರಲು ಜಾಗ! ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಕಲಾವಿದನಿಗೆ ಸಿಕ್ಕಿದೆ?

ಅವರ ಆಟವನ್ನು ಮೊದಲು ಆಡಿದ ದುರ್ದೈವಿ ನಾನು. ಹೇಗೋ ಕೋಟೆ ಹೊಕ್ಕು ಬಟನ್ ಒತ್ತಿದೆ, ಕತ್ತಿ ಒರೆಯಿಂದ ಬರಲೊಲ್ಲದು.

"ಭಾವ, ಕತ್ತಿ ಕೆಟ್ಟುಹೋಗಿದೆ."

"ಅವ ಮಾತಾಡ್ತಾ ಇದ್ದಾನಲ್ಲ ಮಾರಾಯ! ಒಬ್ಬ ಮಾತಾಡುವಾಗ ಹೊಡೀಲಿಕ್ಕುಂಟಾ?"

ರಾಕ್ಷಸ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. "ಊರವರು ನನ್ನನ್ನು ರಾಕ್ಷಸ ಎಂದರು, ನೀನು ನಂಬಿದೆ. ನನ್ನನ್ನೊಮ್ಮೆ ಕೇಳಿದೆಯಾ?" ಇದಕ್ಕೆ ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಉತ್ತರ ಸಪ್ಪೆಯಾದರೆ ಮತ್ತೆ ಕಾಡಿಗೆ! ನಾನು ಏಳು ಸಲ ಕಾಡಿಗೆ ಹೋದೆ. ಒಳಗಿನಿಂದ ಅಕ್ಕ ಕೂಗಿದಳು: "ಅಡುಗೆ ಆಗಿ ತಣ್ಣಗೂ ಆಯ್ತು. ಆ ರಾಕ್ಷಸನಿಗೂ ಒಂದು ಎಲೆ ಹಾಕ್ಲಾ?" ಯಾವುದೋ ದೇಶದ ಆಟಗಾರನೊಬ್ಬ, ಮಾತನ್ನು ಹಾರಿಸಿ ಮುಂದೆ ಹೋಗುವುದು ಹೇಗೆಂದು ಭಾವನವರಿಗೆ ಬರೆದು ಕೇಳಿದನಂತೆ. ಪುರುಸೊತ್ತಾದಾಗ ಬನ್ನಿ ಎಂದು ಇವರು ಉತ್ತರಿಸಿದರಂತೆ.

ಇದೆಲ್ಲ ತಾಳಮದ್ದಳೆಯ ಪ್ರಭಾವ. ಅಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆಯಾ ಪಾತ್ರವಾಗಿ ಆಶುವಾಗಿ ವಾದಿಸುತ್ತಾರೆ. ಮೂವತ್ತು ವರ್ಷ ಮುಂಬಯಿಯ ಬೈಠಕ್ಕುಗಳಲ್ಲಿ ಭಾವನವರು ಅರ್ಥ ಹೇಳಿದ್ದಾರೆ.

"ಕಥೆ ಅವರದ್ದು, ಪಾತ್ರ ಅವರದ್ದು. ನಿಮ್ಮ ಸ್ವಂತದ್ದು ಏನಿದೆ ಭಾವ?" ಎಂದು ನಾನು ಕೆಣಕಿದ್ದೆ.

"ಪ್ರಸಂಗ ನಾನು ಬರೆದದ್ದಾ? ಪದ್ಯ ನಂದಾ? ಕಡೆಗೆ ಯಾರು ಸಾಯ್ತಾನೆ ಅಂತ ಎದುರು ಕೂತವರಿಗೆಲ್ಲ ಗೊತ್ತುಂಟು. ಆದ್ರೂ ಬಂದು ಕೂತ್ಕೊಳ್ತಾರಲ್ಲ, ಯಾಕೆ? ಸಾಯುವ ಮೊದಲು ಅವ ಇವತ್ತು ಎಂತ ಹೇಳ್ತಾನೆ ಅಂತ ಕೇಳ್ಲಿಕ್ಕೆ!"

ನಾನು ಒಪ್ಪಿದೆ. ಕಥೆ ಎಲ್ಲರದ್ದಾಗಿದ್ದರೂ ಆ ಹೊತ್ತಿನ ಮಾತು ಒಬ್ಬನದೇ ಅಲ್ಲವೇ? ನಾವೆಲ್ಲ ಬದುಕುತ್ತಿರುವುದೂ ಯಾರೋ ಬದುಕಿದ ಕಥೆಯನ್ನೇ.

ಆದರೆ ಭಾವನವರಿಗೆ ಬೇಕಾಗಿದ್ದದ್ದು ನನ್ನ ಒಪ್ಪಿಗೆಯಲ್ಲ, ಶೆಟ್ರದ್ದು. ಪಕ್ಕದ ಬಿಲ್ಡಿಂಗಿನ ಈ ಶೆಟ್ರು ಹಿಂದೆ ಹೋಟೆಲು ನಡೆಸುತ್ತಿದ್ದವರು, ಮೂವತ್ತು ವರ್ಷವೂ ಭಾವನವರಿಗೆ ಎದುರು ಅರ್ಥಧಾರಿ. ಖಳಪಾತ್ರವೆಂದರೆ ಶೆಟ್ರೇ ಆಗಬೇಕು. ಆಟದ ಸುದ್ದಿ ಕೇಳಿದಾಗ ಅವರು ನಕ್ಕು, "ಎಲ್ಲ ಎರವಲು ಮಾರಾಯ, ಅದ್ರಲ್ಲಿ ನಿಂದೆಂತ ಉಂಟು?" ಎಂದಿದ್ದರು. ಆ ವಾದ ಮುಗಿಯುವ ಮೊದಲೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ನಾಲಗೆ ತಿರುಗದಾಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಆದರೆ ಯಾರನ್ನೂ ನೋಡಲೊಲ್ಲರು. ಭಾವನವರು ಹೋದರೂ ಗೋಡೆಯ ಕಡೆ ಹೊರಳುತ್ತಿದ್ದರು. ಶೆಟ್ರು ಇನ್ನೊಮ್ಮೆ ಎದುರು ಮಾತು ಕೊಡಬೇಕು, ಭಾವನವರಿಗೆ ಇದ್ದದ್ದು ಅದೊಂದೇ ಆಸೆ.

ಅದಕ್ಕಾಗಿ ಅವರು ಆಟವನ್ನೇ ತಿರುಗಿಸಿ ಕಟ್ಟಿದರು. ಇದರಲ್ಲಿ ಆಡುವವನೇ ರಾಕ್ಷಸ. ಎದುರು ನಿಂತ ವೀರನ ಮಾತುಗಳು ಭಾವನವರವು. ರಾಕ್ಷಸನಿಗಿಟ್ಟ ಮೂರು ಮೂರು ಉತ್ತರಗಳೂ ಶೆಟ್ರು ಹಿಂದೆ ಬೈಠಕ್ಕುಗಳಲ್ಲಿ ಆಡಿ ಚಪ್ಪಾಳೆ ಗಿಟ್ಟಿಸಿದ ಮಾತುಗಳು. ಕೆಳಗೊಂದು ಖಾಲಿ ಜಾಗ.

"ಇದ್ಯಾಕೆ ಖಾಲಿ?" ಎಂದೆ.

"ಅರ್ಥಧಾರಿಗೆ ಎಲ್ಲ ಬರ್ದು ಕೊಡ್ಲಿಕ್ಕಾಗ್ತದಾ?"

ಭಾನುವಾರ ಸಂಜೆ ಇಬ್ಬರೂ ಹೋದೆವು. ಭಾವನವರು ಟ್ಯಾಬ್ಲೆಟ್ಟನ್ನು ಶೆಟ್ರ ಎಡಗೈಯ ಬಳಿ ಇಟ್ಟು, ಆಟ ಶುರು ಮಾಡಿ ನಿಂತರು. ಪರದೆಯಲ್ಲಿ ವೀರ ಕೋಟೆಯ ಬಾಗಿಲು ಒಡೆದು ಒಳಬಂದ. "ಕರೆಯದಿದ್ದರೂ ಬಂದಿದ್ದೇನೆ. ಏನು ಹೇಳುತ್ತೀ?" ಎಂದ. ಶೆಟ್ರು ಹೊರಳಲಿಲ್ಲ. ತಮ್ಮವೇ ಹಳೆಯ ಮೂರು ಮಾತುಗಳನ್ನು ಓದಿ, ತುಟಿ ಓರೆ ಮಾಡಿದರು. ಮೂರೂ ಬೇಡವೆಂದು ಬೆರಳಾಡಿಸಿದರು. ಆಮೇಲೆ ಖಾಲಿ ಜಾಗವನ್ನು ಮುಟ್ಟಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ಕಾಲು ಗಂಟೆಯೇ ಹಿಡಿಯಿತು. ಭಾವನವರು ನಿಂತೇ ಇದ್ದರು.

"ಬಾಗಿಲು ಒಡೆದದ್ದು ಒಳ್ಳೇದಾಯ್ತು. ಕೂತ್ಕೋ."

ಇದು ಯಾವ ಪ್ರಸಂಗದಲ್ಲೂ ಇಲ್ಲದ ಮಾತು. ಯಾವ ಸಭೆಯಲ್ಲೂ ಉತ್ತರಕ್ಕೆ ತಡವರಿಸದ ನಮ್ಮ ಭಾವನವರು ಅಂದು ಮಂಚದ ಅಂಚಿನಲ್ಲಿ ಕೂತು, ಗೆಳೆಯನ ಎಡಗೈ ಹಿಡಿದುಕೊಂಡು ಅತ್ತುಬಿಟ್ಟರು.