ಸೋರದ ಇಂಜಿನ್ನೂ ಬೋರ್ಡಿನ ಖಾಲಿ ಜಾಗವೂ

ಮಾಲೂರಿನ ನಮ್ಮ ಗ್ಯಾರೇಜಿಗೆ ಬರೋ ಕಾರು ಯಾವತ್ತೂ ಒಂಟಿಯಾಗಿ ಬರಲ್ಲ, ಒಂದು ಕಥೆನೂ ಹತ್ತಿಸ್ಕೊಂಡೇ ಬರುತ್ತೆ. ನಾನು ಟೇಕಲ್ ಕಡೆ ಹಳ್ಳಿಯವನು. ಸಂದಿಗೆ ಪೇಸ್ಟ್ ಹಚ್ಚಿ, ಎಣ್ಣೆ ಸೋರದ ಹಾಗೆ ಇಂಜಿನ್ ಮುಚ್ಚೋದರಲ್ಲಿ ಮಾಲೂರಿಂದ ಶ್ರೀನಿವಾಸಪುರದವರೆಗೆ ನನ್ನಂಥವನು ಇನ್ನೊಬ್ಬನಿಲ್ಲ. ಇದನ್ನು ಒಪ್ಪದಿರೋರು ಒಬ್ಬರೇ, ನನಗೆ ಕೆಲಸ ಕಲಿಸಿದ ಗ್ಯಾರೇಜ್ ಯಜಮಾನರು, ನನ್ನ ಉಸ್ತಾದ್. "ನೀನೊಬ್ಬನೇ ಮುಚ್ಚಿದ ಇಂಜಿನ್ ಕೆಳಗೆ ರಾತ್ರಿ ಪೇಪರ್ ಹಾಸು. ಬೆಳಿಗ್ಗೆ ಒಂದು ತೊಟ್ಟೂ ಇರಬಾರದು. ಆಗ ಬೋರ್ಡಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು" ಅಂದಿದ್ರು. ಬೋರ್ಡಿನ ಆ ಖಾಲಿ ಜಾಗ ನೋಡ್ಕೊಂಡೇ ನಾನು ದಿನಾ ಟೀ ಕುಡೀತಿದ್ದೆ.

ಶಾವಿಗೆ

ಸೇರಿದ ಹೊಸದು. ಜಾಸ್ತಿ ಹಚ್ಚಿದಷ್ಟೂ ಗಟ್ಟಿ ಅಂತ ಒಂದು ಕಾರಿಗೆ ಇಡೀ ಟ್ಯೂಬ್ ಹಿಂಡಿಬಿಟ್ಟೆ. ಉಸ್ತಾದ್ ಮತ್ತೆ ಬಿಚ್ಚಿಸಿದರು. ಮಿಕ್ಕ ಪೇಸ್ಟೆಲ್ಲ ಒಳಗಡೆ ಎಳೆ ಎಳೆಯಾಗಿ ಇಳಿದು ಎಣ್ಣೆ ದಾರಿ ಕಟ್ಟಿತ್ತು. ಅವರು ಒಂದೆಳೆ ಎತ್ತಿ ಹಿಡಿದರು: "ಅರೇ ಬೇಟಾ, ಈದ್ ಇನ್ನೂ ದೂರ ಐತೆ. ಈಗಲೇ ಶಾವಿಗೆ ಯಾಕೆ ಮಾಡಿದೆ?"

ಹಂಡೆ

ಮಾಸ್ತಿಯಿಂದ ಒಬ್ಬ ಯಜಮಾನರು ವ್ಯಾನ್ ತಂದರು. ಇಂಜಿನ್ನಿನ ಸುತ್ತ ಬೆಳ್ಳಗೆ ಏನೋ ಬಳಿದಿತ್ತು. "ಬಚ್ಚಲುಮನೆ ಬಿರುಕಿಗೆ ತಂದಿದ್ದು ಮಿಕ್ಕಿತ್ತು, ಹಚ್ಚಿದೆ. ಅಲ್ಲಿ ಒಂದು ಹನಿ ಸೋರಲ್ಲ!"

"ಯಜಮಾನ್ರೇ, ನಿಮ್ಮ ಬಚ್ಚಲುಮನೆ ಇಂಜಿನ್ನಷ್ಟು ಕಾಯುತ್ತಾ?"

"ಲೇ, ನಮ್ಮ ಹಂಡೆ ನೀರು ಮೈಮೇಲೆ ಹುಯ್ಕೊಂಡು ನೋಡು, ಆಮೇಲೆ ಮಾತಾಡು!"

ಅಂಬಲಿ

ಮುಳಬಾಗಿಲಿನ ಟೊಮೆಟೊ ಬೆಳೆಯೋ ಅಣ್ಣ ಒಬ್ಬರು, ರೇಡಿಯೇಟರ್ ನೀರು ಸೋರುತ್ತೆ ಅಂತ ರಾಗಿ ಹಿಟ್ಟು ಸುರಿದುಕೊಂಡು ಬಂದಿದ್ದರು. "ಸೋರೋದು ನಿಂತೋಯ್ತು ಕದಾ ಅಬ್ಬಾಯಿ, ಇಂಕೇಮಿ ಕಾವಾಲಿ?" ಅಂತ, ಇನ್ನೇನು ಬೇಕು ಅನ್ನೋದನ್ನ ತೆಲುಗಲ್ಲೇ ಕೇಳಿದರು.

"ಸೋರೋಕೆ ಒಳಗೆ ನೀರೆಲ್ಲಿದೆ ಅಣ್ಣ? ಅಂಬಲಿ ಆಗಿದೆ" ಅಂತ, ತಣ್ಣಗಾದ ಮೇಲೆ ಮುಚ್ಚಳ ತೆಗೆದು ತೋರಿಸಿದೆ. ಅವರು ಬಗ್ಗಿ ನೋಡಿ ಬೆರಗಾದರು: "ಒಂದು ಗಂಟೂ ಇಲ್ವಲ್ಲೋ! ಮನೇಲಿ ನಾನು ಕಾಯಿಸಿದ್ರೆ ಬರೀ ಗಂಟೇ."

ಪೇಪರ್

ಉಸ್ತಾದ್ ಕೋಲಾರಕ್ಕೆ ಮದುವೆಗೆ ಹೋದ ದಿನ ವಕ್ಕಲೇರಿಯ ಟೀಚರೊಬ್ಬರ ಕಾರು ಬಂತು. ಕೆಳಗಡೆ ಎಣ್ಣೆ ನಿಲ್ಲೋ ಚೇಂಬರ್ ಸೋರ್ತಿತ್ತು. ನನ್ನ ದಿನ ಬಂತು ಅಂದ್ಕೊಂಡೆ. ಎಣ್ಣೆಯೆಲ್ಲ ಬಸಿದು ಚೇಂಬರ್ ಬಿಚ್ಚಿದೆ, ಹಳೇ ಪೇಸ್ಟ್ ಕೆರೆದೆ, ಜಿಡ್ಡು ಒರೆಸಿದೆ. ಕೆಂಪು, ಕಪ್ಪು, ಬೂದು, ಮೂರು ಟ್ಯೂಬಲ್ಲಿ ಎಣ್ಣೆಗೆ ಜಗ್ಗದ ಬೂದು ಬಣ್ಣದ್ದನ್ನೇ ಆರಿಸಿ ದಾರದಂತೆ ಒಂದೇ ಸುತ್ತು ಎಳೆದೆ. ಪೇಸ್ಟ್ ಒಣಗಿ ಗಟ್ಟಿಯಾಗೋಕೆ ರಾತ್ರಿಯೆಲ್ಲ ಬೇಕು. ಹೊಸ ಎಣ್ಣೆ ಡಬ್ಬ ಪಕ್ಕದಲ್ಲಿಟ್ಟೆ, ಪೇಪರ್ ಹಾಸಿದೆ, ಮನೆಗೆ ಹೋದೆ.

ಬೆಳಿಗ್ಗೆ ನೋಡ್ತೀನಿ, ಪೇಪರ್ ಗರಿಗರಿ! ಒಂದು ಚುಕ್ಕೆ ಇಲ್ಲ. ಎದುರಿನ ಟೀ ಅಂಗಡಿಗೆ ತಗೊಂಡು ಹೋಗಿ ಬಂದೋರಿಗೆಲ್ಲ ತೋರಿಸಿದೆ. ಪೇಂಟರನ್ನೂ ಕರೆದೆ. ಅವನು ಏಣಿ ಹತ್ತಿ ನನ್ನ ಹೆಸರಿನ ಮೊದಲಕ್ಷರ ಬರೆಯೋ ಹೊತ್ತಿಗೆ ಉಸ್ತಾದ್ ಬಂದರು.

ಪೇಪರ್ ನೋಡಿದರು. "ಶಾಬಾಷ್." ಆಮೇಲೆ ಬಾನೆಟ್ ಎತ್ತಿ ಎಣ್ಣೆ ಅಳತೆ ಕಡ್ಡಿ ಎಳೆದರು. ತೊಳೆದಿಟ್ಟ ಚಮಚದ ಹಾಗೆ ಫಳಫಳ ಅಂತಿತ್ತು.

"ಎಣ್ಣೆ ಯಾವಾಗ ಹುಯ್ದೆ?"

ನಾನು ಡಬ್ಬದ ಕಡೆ ನೋಡಿದೆ, ಅದರ ಸೀಲೇ ಒಡೆದಿರಲಿಲ್ಲ. ಉಸ್ತಾದ್ ಪಕ್ಕದಲ್ಲಿದ್ದ ಡಬ್ಬ ಎತ್ತಿ ತಲೆಕೆಳಗು ಮಾಡಿ ಟೀ ಅಂಗಡಿಯವರಿಗೆಲ್ಲ ಕಾಣೋ ಹಾಗೆ ಅಲ್ಲಾಡಿಸಿದರು. "ನೋಡ್ರಪ್ಪಾ, ಒಂದು ತೊಟ್ಟೂ ಸೋರಿಲ್ಲ. ಪೇಂಟರ್ ಸಾಬ್, ಅವನ ಹೆಸರು ಬಿಡಿ, ಈ ಡಬ್ಬದ್ದು ಬರೀರಿ!"

ಅವತ್ತೇ ಎಣ್ಣೆ ಹುಯ್ದು ಮತ್ತೆ ಪೇಪರ್ ಹಾಸಿದೆ. ಮಾರನೇ ಬೆಳಿಗ್ಗೆಯೂ ಗರಿಗರಿ! ಕೆಲಸ ಅಂದ್ರೆ ಅದು. ಈಗ ಬೋರ್ಡಲ್ಲಿ ನನ್ನ ಹೆಸರಿದೆ. ಪಕ್ಕದಲ್ಲೇ ಉಸ್ತಾದ್ ಬರೆಸಿದ, ಮುಚ್ಚಳ ಬಿಗಿದ ಎಣ್ಣೆ ಡಬ್ಬದ ಚಿತ್ರವೂ ಇದೆ. ನನ್ನ ಹೆಸರಿಗಿಂತ ದೊಡ್ಡದು.